ವಸಂತದ ದಾರಿ: ಎಡೆದೊರೆ ನಾಡಿನ ಹಳೆಯ ಹಾದಿಗಳನ್ನು ಕುರಿತು ಒಂದು ವಿವೇಚನೆ

ರಾಯಚೂರು ಜಿಲ್ಲೆಯ ಇತಿಹಾಸವನ್ನು ಬರೆದವರು ಕೋಟೆಗಳನ್ನೂ ಯುದ್ಧಗಳನ್ನೂ ದೇವಾಲಯಗಳನ್ನೂ ಕುರಿತು ವಿಪುಲವಾಗಿ ಬರೆದಿದ್ದಾರೆ. ಆದರೆ ಆ ಕೋಟೆಗಳಿಗೆ ಕಲ್ಲು ಸಾಗಿದ ದಾರಿ, ಆ ಯುದ್ಧಗಳಿಗೆ ದಂಡು ನಡೆದ ದಾರಿ, ಆ ದೇವಾಲಯಗಳಿಗೆ ಯಾತ್ರಿಕರು ಬಂದ ದಾರಿ, ಇವುಗಳ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ. ದಾರಿಯೆಂಬುದು ಸದಾ ಕಣ್ಣೆದುರಿಗೆ ಇರುವ ವಸ್ತುವಾದುದರಿಂದಲೇ ಅದು ಇತಿಹಾಸದ ಆಧಾರವೆಂದು ತೋರದೆ ಹೋಗಿರಬಹುದು. ಪ್ರಕೃತ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು: ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿನಲ್ಲಿ ದಾರಿಯು ಬಹುಕಾಲದವರೆಗೆ ವರ್ಷದ ಹನ್ನೆರಡು ತಿಂಗಳ ವಸ್ತುವಾಗಿರಲಿಲ್ಲ, ಅದು ಒಂದು ಋತುವಿನ ವಸ್ತುವಾಗಿತ್ತು. ಇಂದು ವಸಂತಕಾಲದಲ್ಲಿ ಮೋಟಾರಿನಲ್ಲಿ ಹೋಗಲು ಸುಖವೆಂದು ನಮಗೆ ತೋರುವ ಹಳ್ಳಿಗಾಡಿನ ಹಾದಿಗಳು, ಆ ಋತುವಿಗಾಗಿಯೇ ಹುಟ್ಟಿ ಬೆಳೆದ ಹಾದಿಗಳು.

ಈ ಮಾತು ನಮಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ. ಕಳೆದ ಫಾಲ್ಗುಣದ ಕೊನೆಯಲ್ಲಿ, ಯುಗಾದಿಗೆ ಕೆಲವೇ ದಿನಗಳಿದ್ದಾಗ, ನಾವು ರಾಯಚೂರಿನಿಂದ ಹೊರಟು ಕಲಮಲಾ, ಗಬ್ಬೂರುಗಳ ಮೇಲೆ ದೇವದುರ್ಗ ತಾಲ್ಲೂಕಿನ ಗೂಗಲ್ ಗ್ರಾಮದವರೆಗೆ ಹೋಗಿ, ಸಿರವಾರ, ಮಾನ್ವಿಗಳ ಮೇಲೆ ಹಿಂದಿರುಗಿದೆವು. ಉದ್ದೇಶವೇನೋ ಗಬ್ಬೂರಿನ ದೇವಾಲಯಗಳನ್ನು ನೋಡಿಬರುವುದಾಗಿತ್ತು. ಆದರೆ ಹಿಂದಿರುಗಿದ ಮೇಲೆ ಮನಸ್ಸಿನಲ್ಲಿ ಉಳಿದದ್ದು ದೇವಾಲಯಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ಹಾದಿ.

ವಸಂತವೆಂದೊಡನೆ ಮಲೆನಾಡಿನ ತಂಪನ್ನು ನೆನೆಯುವವರಿಗೆ ಈ ಜಿಲ್ಲೆಯ ವಸಂತವು ನಿರಾಶೆಯನ್ನುಂಟುಮಾಡಬಹುದು. ಇಲ್ಲಿ ಮಾರ್ಚಿ ತಿಂಗಳ ನಡುವಿಗೇ ಬಿಸಿಲು ಏರಿರುತ್ತದೆ. ಬೆಳಗಿನ ಒಂಬತ್ತು ಗಂಟೆಯೊಳಗೆ ಪಯಣ ಮುಗಿಸುವುದು ಜಾಣತನ. ಆದರೂ ಈ ಬಯಲಿಗೆ ತನ್ನದೇ ಆದ ಚೆಲುವಿದೆ. ಹಿಂಗಾರಿ ಜೋಳದ ಕೊಯ್ಲು ಮುಗಿದು ಸೊಪ್ಪೆಯ ಬಣವೆಗಳು ಹೊಲದ ಅಂಚಿನಲ್ಲಿ ನಿಂತಿರುತ್ತವೆ. ಕಣಗಳಲ್ಲಿ ಹರಡಿದ ಮೆಣಸಿನಕಾಯಿಯ ಕೆಂಪು ದೂರದಿಂದಲೇ ಕಾಣುತ್ತದೆ. ಬೇವು ಹಳೆಯ ಎಲೆಯನ್ನು ಉದುರಿಸಿ ತಳಿರೊಡೆದು ಹೂ ಬಿಡುವ ಕಾಲವದು. ಮೋಟಾರಿನ ಗಾಜನ್ನು ಇಳಿಸಿದರೆ ಆ ಹೂವಿನ ತೆಳು ವಾಸನೆ ಮೈಲುಗಟ್ಟಲೆ ಜತೆಯಲ್ಲೇ ಬರುತ್ತದೆ. ಹೊಂಗೆಯ ಎಳೆ ಹಸುರಂತೂ ಬಂಜರಿನ ನಡುವೆ ಕಣ್ಣಿಗೆ ಹಬ್ಬ. ಹಿಂದೆ ಮುಂದೆ ಒಂದರ ಮೇಲೊಂದು ಇಟ್ಟಂತಿರುವ ಬಂಡೆಗಲ್ಲಿನ ಗುಡ್ಡಗಳು. ಈ ದೃಶ್ಯವನ್ನು ಸವಿಯಲು ವೇಗವಾಗಿ ಹೋಗಬೇಕಾಗಿಲ್ಲ, ಹೋಗಲೂ ಬಾರದು.

ನಿಧಾನವಾಗಿ ಹೋದವರಿಗೆ ಇನ್ನೊಂದು ವಿಷಯವೂ ಕಾಣಿಸುತ್ತದೆ. ಹಳೆಯ ಹಾದಿಯು ನೇರವಾಗಿ ಹೋಗುವುದಿಲ್ಲ. ಎರೆಯ ಹೊಲ ಬಂದೊಡನೆ ಅದು ಬಳಸಿಕೊಂಡು ಮಸಾರಿ ನೆಲದ ದಿಣ್ಣೆಯನ್ನು ಹುಡುಕುತ್ತದೆ. ದಿಣ್ಣೆಯು ಮುಗಿದಲ್ಲಿ ಅನಿವಾರ್ಯವಾಗಿ ಎರೆಗೆ ಇಳಿದು ಮತ್ತೊಂದು ದಿಣ್ಣೆಯನ್ನೇರುತ್ತದೆ. ಹೊಸದಾಗಿ ನೇರ ಮಾಡಿದ ರಸ್ತೆಗಳಲ್ಲಿ ಈ ಬಳಸು ಅಳಿದುಹೋಗಿದೆ. ಹಳ್ಳಿಯ ಒಳದಾರಿಗಳಲ್ಲಿ ಇನ್ನೂ ಉಳಿದಿದೆ. ಇದಕ್ಕೆ ಕಾರಣವನ್ನು ಎರೆಯ ನೆಲದಲ್ಲಿ ಮಳೆಗಾಲ ಕಳೆದವರೆಲ್ಲರೂ ಬಲ್ಲರು. ಕಪ್ಪು ಮಣ್ಣು ನೀರು ಕುಡಿದೊಡನೆ ಹಿಗ್ಗಿ ಅಂಟಾಗುತ್ತದೆ. ಗಾಡಿಯ ಗಾಲಿ ಅಚ್ಚಿನವರೆಗೆ ಹೂಳುತ್ತದೆ. ಎತ್ತು ಹೆಜ್ಜೆ ಕೀಳಲಾರದು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರುಗಳ ಆಸುಪಾಸಿನದು. ಅದರ ಬಹುಭಾಗ ಜೂನ್ ತಿಂಗಳಿಂದ ಅಕ್ಟೋಬರಿನವರೆಗೆ ಬೀಳುತ್ತದೆ. ಮಳೆ ಅಲ್ಪವಾದರೂ ಎರೆಯ ದಾರಿಯನ್ನು ಮುಚ್ಚಲು ಅಷ್ಟೇ ಸಾಕು. ಅದೇ ಮಣ್ಣು ಮಾಘ ಫಾಲ್ಗುಣಗಳಲ್ಲಿ ಬಿರಿದು, ಗಟ್ಟಿಯಾಗಿ, ಗಾಡಿಗಳ ಓಡಾಟದಿಂದ ನುಣುಪಾಗಿ, ಕಲ್ಲು ಹಾಸಿದ ನೆಲದಂತಾಗುತ್ತದೆ.

ನೆಲದ ಕಥೆ ಹೀಗಾದರೆ ನದಿಯ ಕಥೆಯೂ ಇದೇ. ಈ ನಾಡಿನ ಹಳೆಯ ಹೆಸರು ಎಡೆದೊರೆ. ಶಾಸನಗಳಲ್ಲಿ ಎಡೆದೊರೆ ಎರಡುಸಾಸಿರವೆಂದು ಬರುವ ಈ ನಾಡು ಹೆಸರೇ ಹೇಳುವಂತೆ ಎರಡು ತೊರೆಗಳ ನಡುವಿನದು. ಉತ್ತರಕ್ಕೆ ಹೋಗಲು ಕೃಷ್ಣೆಯನ್ನೂ ದಕ್ಷಿಣಕ್ಕೆ ಹೋಗಲು ತುಂಗಭದ್ರೆಯನ್ನೂ ದಾಟದೆ ಉಪಾಯವಿರಲಿಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ಹಾದಿಗಳೆಲ್ಲವೂ ಕಾಲ್ದಾಟುಗಳಿಗೆ ಅಭಿಮುಖವಾಗಿ ಬೆಳೆದವು. ಕಾಲ್ದಾಟು ತೆರೆಯುವುದು ನೀರಿಳಿದ ಮೇಲೆ. ಆದುದರಿಂದ ಎರೆಯ ನೆಲವೂ ನದಿಯೂ ಒಂದೇ ಕಾಲದಲ್ಲಿ ಪಯಣಿಗನಿಗೆ ಬಾಗಿಲು ತೆರೆಯುತ್ತಿದ್ದವು.

ಯುದ್ಧಗಳ ಇತಿಹಾಸವು ಇದನ್ನು ಸಮರ್ಥಿಸುತ್ತದೆ. ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ ರಾಯಚೂರಿನ ಕದನವು 1520ರ ಮೇ ತಿಂಗಳಲ್ಲಿ ನಡೆಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆ ಯುದ್ಧವನ್ನು ವಿವರವಾಗಿ ಬರೆದಿಟ್ಟ ಪೋರ್ಚುಗೀಸ್ ವರ್ತಕ ಫರ್ನಾವೊ ನೂನಿಜನ ವೃತ್ತಾಂತದಲ್ಲಿ ಕೃಷ್ಣೆಯನ್ನು ದಾಟಿ ಬಂದ ಬಿಜಾಪುರದ ಸೈನ್ಯವು ಸೋತು ಹಿಂದಿರುಗಿ ಅದೇ ನದಿಯ ಕಡೆಗೆ ಓಡಿದ ಸಂಗತಿ ಬರುತ್ತದೆ. 1565ರ ಜನವರಿ 23ರ ರಕ್ಕಸತಂಗಡಿಯ ಯುದ್ಧದಲ್ಲಿಯೂ ಮೊದಲ ಹೋರಾಟ ನಡೆದದ್ದು ಕೃಷ್ಣೆಯ ಕಾಲ್ದಾಟಿಗಾಗಿ. ವಿಜಯನಗರದವರು ಕಾವಲಿರಿಸಿದ್ದ ದಾಟನ್ನು ಸುಲ್ತಾನರು ಉಪಾಯದಿಂದ ತೆರವು ಮಾಡಿಸಿದರೆಂದು ಫಿರಿಸ್ತಾ ಹೇಳುತ್ತಾನೆ. ಈ ಎರಡು ಕದನಗಳಲ್ಲಿ ಒಂದು ಚಳಿಗಾಲದ ಕೊನೆಯದು, ಇನ್ನೊಂದು ಬೇಸಗೆಯದು. ಎರಡೂ ನೀರಿಳಿದ ಕಾಲದವು.

ಇದಕ್ಕೆ ಅಪವಾದವಿಲ್ಲವೇ ಎಂದು ಕೇಳಬಹುದು. ಇದೆ, ಆದರೆ ಆ ಅಪವಾದವು ನಮ್ಮ ವಾದವನ್ನೇ ಬಲಪಡಿಸುತ್ತದೆ. ಫಿರೋಜ್‌ಶಹಾ ಬಹಮನಿಯ ಮೊದಲ ವಿಜಯನಗರ ಯುದ್ಧದಲ್ಲಿ, ಸುಮಾರು 1398ರಲ್ಲಿ, ಕೃಷ್ಣೆಯು ತುಂಬಿ ಹರಿಯುತ್ತಿದ್ದುದರಿಂದ ಸುಲ್ತಾನನ ಸೈನ್ಯವು ಉತ್ತರದ ದಡದಲ್ಲಿಯೇ ನಿಲ್ಲಬೇಕಾಯಿತು. ಕೊನೆಗೆ ತೊಗಲು ಹೊದಿಸಿದ ಬುಟ್ಟಿಗಳಲ್ಲಿ, ಎಂದರೆ ನಮ್ಮ ಹರಿಗೋಲುಗಳಲ್ಲಿ, ಜನರನ್ನು ರಾತ್ರಿಯಲ್ಲಿ ದಾಟಿಸಬೇಕಾಯಿತೆಂದು ಫಿರಿಸ್ತಾ ಬರೆದಿದ್ದಾನೆ. ಕಥೆಯ ಎಲ್ಲ ವಿವರಗಳನ್ನೂ ಯಥಾವತ್ತಾಗಿ ನಂಬಬೇಕಾಗಿಲ್ಲ. ಆದರೆ ತುಂಬಿದ ಕೃಷ್ಣೆಯ ಮುಂದೆ ಅರಸನ ದಂಡೂ ಅಸಹಾಯವೆಂಬ ಅಂಶವನ್ನು ಸಂದೇಹಿಸಲು ಕಾರಣವಿಲ್ಲ. ದಂಡಯಾತ್ರೆಯು ವಿಜಯದಶಮಿಯಿಂದಲೇ ಆರಂಭವಾಗುತ್ತಿತ್ತಲ್ಲವೇ ಎಂಬ ಇನ್ನೊಂದು ಆಕ್ಷೇಪಣೆಯೂ ಉಂಟು. ಆಶ್ವಯುಜದಲ್ಲಿ ಹೊರಡುವ ದಂಡು ಈ ಎರಡು ನದಿಗಳ ದಡಕ್ಕೆ ಬಂದು ಕಾಲ್ನಡಿಗೆಯಿಂದ ದಾಟಬೇಕಾದರೆ ಇನ್ನೂ ಕೆಲವು ತಿಂಗಳು ಕಾಯಬೇಕಾಗುತ್ತಿತ್ತೆಂಬುದನ್ನು ಮರೆಯಬಾರದು.

ಶಾಂತಿಯ ಕಾಲದ ಸಾಕ್ಷ್ಯಗಳು ಇದಕ್ಕಿಂತಲೂ ಸ್ವಾರಸ್ಯವಾಗಿವೆ. ರಾಯಚೂರು ಕೋಟೆಯ ಗೋಡೆಯಲ್ಲಿರುವ ಸುಮಾರು 41 ಅಡಿ ಉದ್ದದ ಕಲ್ಲನ್ನು ನೋಡದವರು ವಿರಳ. ಕ್ರಿ. ಶ. 1294ರಲ್ಲಿ ಗೋರೆ ಗನ್ನಯ್ಯ ರೆಡ್ಡಿಯು ಈ ಕೋಟೆಯನ್ನು ಕಟ್ಟಿಸಿದ ಸಂಗತಿ ಅದರ ಮೇಲಿನ ಶಾಸನದಿಂದ ತಿಳಿಯುತ್ತದೆ. ಶಾಸನವನ್ನು ಓದಿದವರು ಹಲವರು. ಬಳಿಯಲ್ಲಿಯೇ ಕೆತ್ತಿರುವ ಚಿತ್ರವನ್ನು ದಾರಿಯ ಇತಿಹಾಸದ ಆಧಾರವಾಗಿ ನೋಡಿದವರು ಕಡಿಮೆ. ಆ ಚಿತ್ರದಲ್ಲಿ ಇಂಥದೇ ಒಂದು ಮಹಾಶಿಲೆಯನ್ನು ಗಾಡಿಯ ಮೇಲೆ ಹೇರಿ, ಕೋಣಗಳ ಉದ್ದನೆಯ ಸಾಲನ್ನು ಕಟ್ಟಿ ಎಳೆಸುತ್ತಿದ್ದಾರೆ. ಅಲ್ಲಲ್ಲಿ ಹೊಡೆಯುವವರು, ಹಿಂದೆ ಗಾಲಿಗಳಿಗೆ ಸನಿಕೆ ಹಾಕಿ ಮೀಟುವವರು ಇದ್ದಾರೆ. ಅಷ್ಟು ಭಾರವನ್ನು ಹೊತ್ತ ಗಾಡಿಯು ಮಳೆಗಾಲದ ಎರೆಯಲ್ಲಿ ಒಂದು ಮಾರು ಕೂಡ ಸಾಗಲಾರದು. ಆ ಶಿಲೆಗಳು ಬಂದದ್ದು ಒಣನೆಲದ ತಿಂಗಳುಗಳಲ್ಲಿಯೇ ಎಂದು ಊಹಿಸುವುದು ಅಸಂಗತವಾಗಲಾರದು. ಹೀಗೆ ನೋಡಿದರೆ ಆ ಚಿತ್ರವು ಕೋಟೆಯ ಚಿತ್ರವಲ್ಲ. ಈ ನಾಡಿನ ದಾರಿಯ ಅತಿ ಹಳೆಯ ಚಿತ್ರಗಳಲ್ಲಿ ಒಂದು.

ಕನ್ನಡ ಶಾಸನಗಳಲ್ಲಿ ಎಲ್ಲೆಗಳನ್ನು ಹೇಳುವಾಗ ಹೆದ್ದಾರಿ, ಹೆಬ್ಬಟ್ಟೆ ಮುಂತಾದ ಶಬ್ದಗಳು ಬರುತ್ತವೆ. ಅದಕ್ಕಿಂತಲೂ ನಮ್ಮ ಪ್ರಕೃತಕ್ಕೆ ಹತ್ತಿರವಾದ ಶಬ್ದ ಅರವಟ್ಟಿಗೆ. ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಗೆ ಭೂಮಿಯನ್ನೋ ಹಣವನ್ನೋ ಬಿಟ್ಟ ದತ್ತಿಗಳು ನಮ್ಮ ಶಾಸನಗಳಲ್ಲಿ ದೊರೆಯುತ್ತವೆ. ಅರವಟ್ಟಿಗೆಯ ಧರ್ಮವು ಬೇಸಗೆಯ ಧರ್ಮ. ಬಿಸಿಲಿನಲ್ಲಿ ಜನ ನಡೆಯುತ್ತಿದ್ದರೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಇಂದಿಗೂ ಯುಗಾದಿಯ ಆಚೀಚೆ ಈ ಭಾಗದ ಊರುಗಳಲ್ಲಿ ಬೇವಿನ ಮರದಡಿ ಚಪ್ಪರ ಹಾಕಿ, ಮಣ್ಣಿನ ಗಡಿಗೆಗಳಿಗೆ ಒದ್ದೆ ಬಟ್ಟೆ ಸುತ್ತಿ ಇರಿಸುವ ಪದ್ಧತಿಯುಂಟು. ಗಬ್ಬೂರಿನ ದಾರಿಯಲ್ಲಿ ಅಂತಹದೊಂದು ಅರವಟ್ಟಿಗೆಯಲ್ಲಿ ನಾವೂ ನೀರು ಕುಡಿದೆವು. ಗಬ್ಬೂರು ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಿಂದಲೂ ಮಳೆಶಂಕರ ಮೊದಲಾದ ದೇವಾಲಯಗಳಿಂದಲೂ ಪ್ರಸಿದ್ಧವಾದ ಊರು. ಅಲ್ಲಿಯ ಕಂಬಗಳ ಸೌಂದರ್ಯವನ್ನು ಮೆಚ್ಚುವಂತೆಯೇ, ಊರ ಹೊರಗಿನ ಆ ಗಡಿಗೆಯನ್ನೂ ಅದೇ ಕಾಲದಿಂದ ನಡೆದುಬಂದ ಒಂದು ಸಂಸ್ಥೆಯ ಉಳಿಕೆಯೆಂದು ಮನ್ನಿಸಬೇಕೆಂದು ನಮಗೆ ತೋರಿತು.

ಹಾದಿಯ ನೆರಳಿನ ವಿಷಯದಲ್ಲಿ ಈ ಜಿಲ್ಲೆಗೆ ಒಂದು ವಿಶೇಷ ಸಂಬಂಧವಿದೆ. 1915ರಲ್ಲಿ ಗಣಿಯ ಎಂಜಿನಿಯರರಾಗಿದ್ದ ಸಿ. ಬೀಡನ್ ಎಂಬವರು ಚಿನ್ನದ ಶೋಧನೆಯಲ್ಲಿದ್ದಾಗ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ದೊರೆತು, ದೇವಾನಾಂಪ್ರಿಯನು ಅಶೋಕನೇ ಎಂಬುದು ನಿರ್ಧಾರವಾಯಿತೆಂಬುದು ವಿದ್ಯಾರ್ಥಿಗಳೆಲ್ಲರೂ ತಿಳಿದ ವಿಷಯ. ದಾರಿಗಳಲ್ಲಿ ಮರ ನೆಡಿಸಿ ಬಾವಿ ತೋಡಿಸಿದೆನೆಂದು ತನ್ನ ಬೇರೆ ಶಾಸನಗಳಲ್ಲಿ ಹೇಳಿಕೊಂಡವನೂ ಅದೇ ಅರಸ. ಮಸ್ಕಿಯ ಶಾಸನದಲ್ಲಿ ಮರಗಳ ಪ್ರಸ್ತಾಪವಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಇಂದಿನ ಸಾಲುಮರಗಳನ್ನು ಅಶೋಕನಿಗೆ ಜೋಡಿಸುವುದು ಸಲ್ಲದು. ಆದರೆ ನೆರಳೂ ನೀರೂ ದಾರಿಯ ಅಂಗಗಳೆಂಬ ಭಾವನೆ ಈ ನಾಡಿನಲ್ಲಿ ದಾಖಲೆಗಳಷ್ಟೇ ಹಳೆಯದೆಂದು ಹೇಳಲು ಅಡ್ಡಿಯಿಲ್ಲ.

ದಾಸರ ಸಂಚಾರವನ್ನೂ ಇಲ್ಲಿ ನೆನೆಯಬೇಕು. ವಿಜಯದಾಸರು ತುಂಗಭದ್ರೆಯ ಬಳಿಯ ಚೀಕಲಪರವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಹದಿನೆಂಟನೆಯ ಶತಮಾನದ ಹರಿದಾಸ ಸಾಹಿತ್ಯದ ಈ ಸ್ಥಳಗಳು ಒಂದು ದಿನದ ಮೋಟಾರು ಪಯಣದೊಳಗೆ ಬರುತ್ತವೆ. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಊರಿಂದ ಊರಿಗೆ ನಡೆಯುವುದೇ ದಾಸರ ವೃತ್ತಿಯಾದುದರಿಂದ, ಆ ಸಾಹಿತ್ಯವು ಈ ಹಾದಿಗಳ ಮೇಲೆ ಹಬ್ಬಿದ ಸಾಹಿತ್ಯ. ಜಾತ್ರೆಗಳ ಕಾಲಮಾನವೂ ಗಮನಾರ್ಹ: ಭಾರತ ಹುಣ್ಣಿಮೆಯ ನೀರಮಾನ್ವಿ ಯಲ್ಲಮ್ಮನ ಜಾತ್ರೆಯಂತಹವು ಬಿದ್ದಿರುವುದು ಸುಗ್ಗಿ ಮುಗಿದು ದಾರಿ ಒಣಗುವ ತಿಂಗಳುಗಳಲ್ಲಿ.

ದಾರಿಯು ಋತುವಿನಿಂದ ಬಿಡಿಸಿಕೊಂಡದ್ದು ಈಚಿನ ಕಥೆ, ಮತ್ತು ಅದು ಕ್ರಮಕ್ರಮವಾಗಿ ನಡೆದದ್ದು. 1853ರಲ್ಲಿ ನಿಜಾಮರಿಂದ ಬ್ರಿಟಿಷರ ವಶಕ್ಕೆ ಬಂದ ರಾಯಚೂರು ದೋಆಬವು 1860ರಲ್ಲಿ ನಿಜಾಮರಿಗೆ ಮರಳಿತು. 1871ರಲ್ಲಿ ಮುಂಬಯಿಯ ಕಡೆಯ ರೈಲುಮಾರ್ಗವೂ ಮದರಾಸಿನ ಕಡೆಯ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಕಾಲ್ದಾಟುಗಳ ಕಡೆಗೆ ಮುಖ ಮಾಡಿದ್ದ ಹಾದಿಗಳು ರೈಲು ನಿಲ್ದಾಣದ ಕಡೆಗೆ ಹೊರಳಿದವು. ದೇವದುರ್ಗ, ಮಾನ್ವಿ ಸೀಮೆಗಳ ಹತ್ತಿಯ ಗಾಡಿಗಳಿಗೆ ರಾಯಚೂರೇ ಗುರಿಯಾಯಿತು. ಹೈದರಾಬಾದು ಸಂಸ್ಥಾನದಲ್ಲಿ 1932ರಲ್ಲಿ ಸರ್ಕಾರದ ಮೋಟಾರು ಸಾರಿಗೆಯು 27 ಬಸ್ಸುಗಳಿಂದ ಆರಂಭವಾಯಿತು. ದೇವಸೂಗೂರಿನ ಬಳಿ ಕೃಷ್ಣೆಗೆ ಕಟ್ಟಿದ ಕಲ್ಲಿನ ಕಮಾನುಗಳ ಸೇತುವೆ 1943ರಲ್ಲಿ ಮುಗಿದು, ಹೈದರಾಬಾದಿನ ದಾರಿ ಮಳೆಗಾಲದಲ್ಲಿಯೂ ತೆರೆದಿರುವಂತಾಯಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಮಾನ್ವಿಯ ಕಡೆಯ ಬಯಲೂ, 1964ರಲ್ಲಿ ಅಡಿಗಲ್ಲನ್ನು ಕಂಡ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಬಲದಂಡೆಯ ಕಾಲುವೆಯಿಂದ ದೇವದುರ್ಗದ ಕಡೆಯ ಬಯಲೂ ನೀರಾವರಿಗೆ ಒಳಪಟ್ಟವು. ನಾವು ಸಿರವಾರದಿಂದ ಮಾನ್ವಿಯ ಕಡೆಗೆ ಬರುವಾಗ ಮಾರ್ಚಿ ತಿಂಗಳಲ್ಲಿಯೂ ಭತ್ತದ ಹಸುರು ಕಾಣುತ್ತಿತ್ತು. ನೋಡಲು ಅದು ಸೊಗಸು. ರೈತನಿಗೆ ಅದು ಅನ್ನ. ಆದರೆ ಹೊಲದಲ್ಲಿ ವರ್ಷವಿಡೀ ನೀರು ನಿಂತ ಮೇಲೆ ಬೇಸಗೆಯ ಗಾಡಿದಾರಿಗೆ ಅಲ್ಲಿ ಎಡೆಯಿಲ್ಲ. ಬದುವಿನ ಪಕ್ಕದ ಹಳೆಯ ಹಾದಿಗಳು ಗದ್ದೆಯೊಳಗೆ ಸೇರಿ ಮಾಯವಾಗುತ್ತಿವೆ.

ಹಾಗೆಂದು ಋತುವಿನ ಅಧಿಕಾರ ಪೂರ್ಣವಾಗಿ ಮುಗಿದಿಲ್ಲ. ದೇವದುರ್ಗದಿಂದ ಶಹಾಪುರಕ್ಕೆ ಹೋಗುವ ದಾರಿಯ ಹೂವಿನಹೆಡಗಿ ಸೇತುವೆಯು 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಮುಳುಗಿ ಎರಡು ದಡಗಳ ಸಂಪರ್ಕ ತಪ್ಪಿಹೋಗಿತ್ತು. ಡಾಂಬರಿನ ಕಾಲದಲ್ಲಿಯೂ ಶ್ರಾವಣವು ದಾರಿಯನ್ನು ಮುಚ್ಚಬಲ್ಲುದು. ತೆರೆದ ದಾರಿಯ ಕಾಲ ಇಂದಿಗೂ ಫಾಲ್ಗುಣ ಚೈತ್ರಗಳೇ.

ಗಬ್ಬೂರಿನಿಂದ ಕೃಷ್ಣೆಯ ಕಡೆಗೆ ಹೊರಳಿದ ಮೇಲೆ ಹಾದಿ ಕಿರಿದಾಯಿತು. ನಮ್ಮ ಜತೆಯಲ್ಲಿದ್ದವರ ಕೈಯ ದೂರವಾಣಿಯಲ್ಲಿನ ನಕ್ಷೆಯು ಅತ್ಯಂತ ಹತ್ತಿರದ ದಾರಿಯನ್ನು ತೋರಿಸುತ್ತಿತ್ತು; ಅದನ್ನು ಬಿಟ್ಟು ಬಾವಿಯೂ ಮರಗಳೂ ಇರುವ ಬಳಸುದಾರಿಯನ್ನು ಹಿಡಿದು ಎರಡು ಕಡೆ ತಪ್ಪಿದೆವು. ಎರಡು ಕಡೆಯೂ ಹೊಲದಲ್ಲಿದ್ದವರು ದಾರಿ ಹೇಳಿದರು. ಗೂಗಲ್ ಎಂಬ ಹೆಸರನ್ನು ಕೇಳಿ ಇಂದಿನ ಯುವಕರು ಬೇರೊಂದನ್ನು ನೆನೆದು ನಗುವುದುಂಟು. ಕೃಷ್ಣೆಯ ದಡದ ಈ ಊರಿನಲ್ಲಿ ಅಲ್ಲಮಪ್ರಭುವಿನ ಹೆಸರಿನ ದೇವಾಲಯವಿದೆ. ಸುತ್ತಣ ಜನರಿಗೆ ಇದು ಬಹುಕಾಲದಿಂದ ಯಾತ್ರೆಯ ಸ್ಥಳ. ಈಗ ಇಲ್ಲಿ ನದಿಗೆ ಸೇತುವೆ ಸಹಿತವಾದ ಬ್ಯಾರೇಜನ್ನು ಕಟ್ಟಲಾಗಿದ್ದು, ಅದರ ಮೇಲಿನಿಂದ ಯಾದಗಿರಿ ಜಿಲ್ಲೆಯ ದಡಕ್ಕೆ ಮೋಟಾರು ನೇರವಾಗಿ ಹೋಗುತ್ತದೆ.

ಸೇತುವೆಯ ಮೇಲಿನಿಂದ ನೋಡುತ್ತಿದ್ದಾಗ ದನ ಕಾಯುತ್ತಿದ್ದ ಒಬ್ಬ ವೃದ್ಧರು ಬಂದು ನಿಂತರು. ಹಿಂದೆ ಎಲ್ಲಿ ದಾಟುತ್ತಿದ್ದಿರಿ ಎಂದು ಕೇಳಿದೆವು. ಅವರು ಕೋಲಿನಿಂದ ನೀರನ್ನು ತೋರಿಸಿದರು. ಸುಗ್ಗಿ ಮುಗಿದ ಮೇಲೆ ಗಾಡಿ ಕಟ್ಟಿಕೊಂಡು ಮೊಣಕಾಲುದ್ದ ನೀರಿನಲ್ಲಿ ಆಚೆ ಹೋಗಿ ನೆಂಟರ ಊರಿನಲ್ಲಿ ಯುಗಾದಿ ಮಾಡಿ ಬರುತ್ತಿದ್ದೆವೆಂದೂ, ಮಳೆಗಾಲದಲ್ಲಿ ಹರಿಗೋಲು ಬಿಟ್ಟರೆ ಗತಿಯಿರಲಿಲ್ಲವೆಂದೂ ಹೇಳಿದರು. ಈಗ ಸೇತುವೆ ಬಂದು ಒಳ್ಳೆಯದಾಯಿತೆಂಬುದನ್ನೂ ಅವರೇ ಹೇಳಿದರು. ತುಂಬಿದ ಹೊಳೆಯ ಎದುರು ರೋಗಿಯನ್ನು ಇಟ್ಟುಕೊಂಡು ಕುಳಿತ ರಾತ್ರಿಗಳನ್ನು ಕಂಡವರಿಗೆ ಹಳೆಯ ದಾರಿಯ ಮೇಲೆ ನಮಗಿರುವ ಮೋಹವಿರುವುದಿಲ್ಲ. ದಡದಿಂದ ಇಳಿಯುವ ಗಾಡಿಯ ಜಾಡು ಮಾತ್ರ ಇನ್ನೂ ಕಾಣುತ್ತಿತ್ತು. ಎರಡು ಬೇವಿನ ಮರಗಳ ನಡುವೆ ಇಳಿದು ಅದು ನೇರವಾಗಿ ನೀರಿನೊಳಕ್ಕೆ ಹೋಗಿತ್ತು.

ಸೇತುವೆ ಬೇಡವೆಂದಾಗಲಿ, ರಸ್ತೆ ಅಗಲವಾಗಬಾರದೆಂದಾಗಲಿ ನಾವು ಹೇಳುವುದಿಲ್ಲ. ದಾರಿಯು ಋತುವಿನ ಬಂಧನದಿಂದ ಬಿಡುಗಡೆ ಹೊಂದಿದ್ದು ಈ ನಾಡಿನ ಜನರಿಗೆ ದೊರೆತ ದೊಡ್ಡ ಉಪಕಾರಗಳಲ್ಲಿ ಒಂದು. ಆದರೆ ರಸ್ತೆಯನ್ನು ಅಗಲಿಸುವಾಗ ಮೊದಲು ಬೀಳುವುದು ಸಾಲುಮರ, ಅನಂತರ ಮುಚ್ಚುವುದು ದಾರಿಬದಿಯ ಬಾವಿ. ಕೋಟೆಯ ಒಂದು ಕಲ್ಲು ಜಾರಿದರೆ ಅದನ್ನು ಬರೆದಿಡುವವರಿದ್ದಾರೆ. ಒಂದು ಹಾದಿ ಅಳಿದರೆ ಬರೆದಿಡುವವರಿಲ್ಲ. ಹಾದಿಗೆ ಶಾಸನವಿಲ್ಲ, ಅದರ ಬಳಸು, ಅದರ ಮರ, ಅದರ ಬಾವಿ, ಅದನ್ನು ನಡೆದವರ ನೆನಪು, ಇವೇ ಅದರ ಶಾಸನ. ಇವುಗಳಲ್ಲಿ ಕೊನೆಯದು ಇನ್ನು ಹೆಚ್ಚು ವರ್ಷ ಉಳಿಯುವಂತಿಲ್ಲ.

ಆದುದರಿಂದ ನಮ್ಮ ವಿಭಾಗದ ವಿದ್ಯಾರ್ಥಿಗಳು ಪ್ರತಿ ವರ್ಷವೂ ವಸಂತದಲ್ಲಿ ಒಂದೊಂದು ಹಾದಿಯನ್ನು ಆರಿಸಿಕೊಂಡು ಅದನ್ನು ಪೂರ್ತಿಯಾಗಿ ನೋಡಿಬರಬೇಕೆಂದು ನಾವು ಸೂಚಿಸುತ್ತೇವೆ. ಎರೆಯೆಲ್ಲಿ, ಮಸಾರಿಯೆಲ್ಲಿ, ಮರಗಳೆಷ್ಟು, ಬಾವಿಯ ಹೆಸರೇನು, ಅರವಟ್ಟಿಗೆಯನ್ನು ಯಾವ ಊರಿನವರು ಇಡುತ್ತಾರೆ, ಹೊಳೆಯನ್ನು ಎಲ್ಲಿ ದಾಟುತ್ತಿದ್ದರು, ಇಷ್ಟನ್ನು ಬರೆದುಕೊಂಡು ಬಂದರೂ ಸಾಕು. ಮೊದಲನೆಯದಾಗಿ ಗಬ್ಬೂರಿನಿಂದ ಗೂಗಲ್‌ವರೆಗಿನ ಹಾದಿಯನ್ನೇ ಕೈಗೊಳ್ಳಬಹುದು. ಬೇವು ಹೂ ಬಿಟ್ಟಿರುವಾಗ, ಬೆಳಗಿನ ಒಂಬತ್ತು ಗಂಟೆಯ ಒಳಗೆ, ನಿಧಾನವಾಗಿ ಹೋಗಬೇಕು. ದಾರಿ ತಪ್ಪಿದರೆ ಹೊಲದಲ್ಲಿದ್ದವರನ್ನು ಕೇಳಬೇಕು.